ಎದ್ದ ಕೂಡಲೇ ಕಣ್ಣು ಕತ್ತಲೆ ಬಂದರೆ

ಕೇಳುಗರೇ, ನಮಸ್ಕಾರ.

ಹೋದ ಸಲ ಅವರೆಕಾಯಿ ಕಾಲದಲ್ಲಿ ನಡೆದದ್ದು. ಮೈಸೂರಿನ ನಮ್ಮ ಮನೆಯಲ್ಲಿ ಅಮ್ಮ ನೆಲದ ಮೇಲೆ ಕೂತು ಅವರೆಕಾಳು ಹಿತಕುತ್ತಿದ್ದರು. ಕೂತು ಒಂದು ಗಂಟೆ ಆಗಿತ್ತೇನೋ. ಕುಕ್ಕರ್ ಮೂರನೇ ಸಲ ಕೂಗಿತು. ಒಲೆ ಆರಿಸೋಣ ಅಂತ ದಡಕ್ಕನೆ ಎದ್ದರು. ಎರಡು ಹೆಜ್ಜೆ ಇಟ್ಟವರು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ಮಡಿಲಲ್ಲಿದ್ದ ಸಿಪ್ಪೆಯೆಲ್ಲ ನೆಲಕ್ಕೆ ಬಿತ್ತು. "ತಲೆಯೊಳಗೆ ಒತ್ತಿದ ಹಾಗಾಯ್ತು ಕಣೇ, ಕಣ್ಣು ಕತ್ತಲೆ ಬಂತು" ಅಂದರು. ಆಮೇಲೆ ತಾವೇ, "ಪಿತ್ತ ಇರಬೇಕು ಬಿಡು" ಅಂದರು.

ಎಷ್ಟೋ ಮನೆಗಳಲ್ಲಿ ಮಾತು ಅಲ್ಲಿಗೇ ಮುಗಿಯುತ್ತೆ, ಅಲ್ವಾ?

ನಾವು ಎದ್ದು ನಿಂತಾಗ ನಾಲೆಯ ನೀರು ತಗ್ಗಿಗೆ ಹರಿದ ಹಾಗೆ ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಸ್ವಲ್ಪ ಅಲ್ಲ, ಅರ್ಧ ಲೀಟರ್ ಹಾಲಿನ ಪ್ಯಾಕೆಟ್‌ನಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಕುತ್ತಿಗೆಯ ರಕ್ತನಾಳದಲ್ಲಿ ಒತ್ತಡ ಅಳೆಯುವ ನರಗಳಿವೆ. ಅವು ಕೂಡಲೇ ಸುದ್ದಿ ಮುಟ್ಟಿಸುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ, ತಲೆಗೆ ರಕ್ತ ಸರಿಯಾಗಿ ಹೋಗುತ್ತದೆ. ಈ ಕೆಲಸ ತಡವಾದಾಗಲೇ ತಲೆ ಧಿಮ್ಮೆನ್ನುವುದು, ಭಾರವಾಗುವುದು. ಕೆಲವರಿಗೆ ಕತ್ತು, ಹೆಗಲೂ ನೋಯುತ್ತದೆ.

ಮೈಯಲ್ಲಿ ನೀರಿನಂಶ ಕಡಿಮೆ ಇದ್ದರೆ ಹೀಗಾಗುತ್ತದೆ. ಮಂಡ್ಯ ಕಡೆ ಆಲೆಮನೆಯಲ್ಲಿ ಕೊಪ್ಪರಿಗೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಉರಿ ಹಾಕುವವರನ್ನು ನೋಡಿ. ಬೆವರಿ ನೀರು ಹೋಗಿರುತ್ತದೆ, ಬಿಸಿಗೆ ರಕ್ತನಾಳ ಸಡಿಲಗೊಂಡಿರುತ್ತದೆ. ಅಂಥವರು ಥಟ್ಟನೆ ಎದ್ದರೆ ಕೊಪ್ಪರಿಗೆಯ ಪಕ್ಕದಲ್ಲೇ ತಲೆ ತಿರುಗಬಹುದು. ನೆನೆದರೆ ಭಯವಾಗುತ್ತದೆ. ರಕ್ತಹೀನತೆ, ಬಹಳ ವರ್ಷದ ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ಇವೂ ಕಾರಣ ಆಗಬಹುದು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇದು. ನಮ್ಮ ಬಿಪಿಯನ್ನು ಸಾಮಾನ್ಯವಾಗಿ ಕೂರಿಸಿಯೇ ನೋಡುತ್ತಾರೆ. ಅಮ್ಮನಿಗೆ ಕೂತಾಗ ಮೇಲಿನ ಅಂಕಿ 130 ಇತ್ತು, ಎಲ್ಲ ಸರಿಯಾಗಿದೆ ಅನ್ನಿಸಿತು. ಇನ್ನೊಬ್ಬ ಡಾಕ್ಟರು ಐದು ನಿಮಿಷ ಮಲಗಿಸಿ ನೋಡಿದರು, ನಿಲ್ಲಿಸಿ ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ಮತ್ತೆ ನೋಡಿದರು. 104ಕ್ಕೆ ಇಳಿದಿತ್ತು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಸುಮ್ನೆ ಬಿಡುವಂತಿಲ್ಲ. ಅಮ್ಮನ ಮಾತ್ರೆ ಬದಲಾಯಿತು. ನೀವಾಗಿ ಮಾತ್ರೆ ನಿಲ್ಲಿಸಬೇಡಿ, "ಎದ್ದು ನಿಂತಾಗಲೂ ಒಂದು ಸಲ ಬಿಪಿ ನೋಡಿ" ಅಂತ ಡಾಕ್ಟರನ್ನು ಕೇಳಿ. ಸಂಕೋಚ ಬೇಡ.

ಮನೆಯಲ್ಲಿ ಏಳುವ ಮುಂಚೆ ಹಿಮ್ಮಡಿ ಎತ್ತಿ ಇಳಿಸಿ, ಹತ್ತು ಹದಿನೈದು ಸಲ. ಮೀನಖಂಡ ಬಿಗಿಯಾದಾಗಲೆಲ್ಲ ರಕ್ತ ಮೇಲಕ್ಕೆ ಹೋಗುತ್ತದೆ. ರಾತ್ರಿ ಬಚ್ಚಲಿಗೆ ಏಳುವ ಹಿರಿಯರು ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ದೀಪ ಹಾಕಿಯೇ ಹೆಜ್ಜೆ ಇಡಲಿ. ನೀರು ಚೆನ್ನಾಗಿ ಕುಡಿಯಿರಿ. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಕೊಳ್ಳಿ. ಕತ್ತಲೆ ಬಂತು ಅನ್ನಿಸಿದರೆ ನಿಂತು ಸಾಧಿಸಬೇಡಿ, ಇದ್ದಲ್ಲೇ ಕೂತುಬಿಡಿ.

ಪ್ರಜ್ಞೆ ತಪ್ಪಿ ಬಿದ್ದರೆ, ಎದೆ ನೋವು ಬಂದರೆ, ಮಾತು ತೊದಲಿದರೆ, ಒಂದು ಕಡೆ ಕೈಕಾಲು ಸೋತರೆ ಮನೆ ಮದ್ದಿಗೆ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ನಮಸ್ಕಾರ.