ವೇಗದ ವಿಮಾನವೇ ಗೆಲ್ಲುತ್ತದೆಯೇ?

ಶ್ರೋತೃಗಳಿಗೆ ನಮಸ್ಕಾರ.

ಯುದ್ಧವಿಮಾನದ ಮಾತು ಬಂತೆಂದರೆ ನಾವು ಮೊದಲು ಕೇಳುವುದು ಅದರ ವೇಗವೆಷ್ಟು ಎಂದು. ಆ ಒಂದೇ ಲೆಕ್ಕ ಸಾಲದು ಎಂಬುದನ್ನು, ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ಸ್ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡೆಸಿದ 1982ರ ಯುದ್ಧ ತೋರಿಸಿಕೊಟ್ಟಿತು.

ಅರ್ಜೆಂಟೀನಾದ ಮಿರಾಜ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಬ್ರಿಟನ್ನಿನ ಸೀ ಹ್ಯಾರಿಯರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟುತ್ತಿರಲಿಲ್ಲ. ಆದರೂ ಸೀ ಹ್ಯಾರಿಯರ್‌ಗಳು ಸುಮಾರು 20 ವಿಮಾನಗಳನ್ನು ಕೆಡವಿದವು. ನೆಲದಿಂದ ನಡೆದ ದಾಳಿಗೆ, ಅಪಘಾತಕ್ಕೆ ಆರು ಸೀ ಹ್ಯಾರಿಯರ್‌ಗಳು ಹೋದವು ನಿಜ. ವಿಮಾನಕ್ಕೆ ವಿಮಾನ ಎದುರಾದ ಕಾಳಗದಲ್ಲಿ ಒಂದೂ ಬೀಳಲಿಲ್ಲ. ಅವುಗಳಲ್ಲಿ ಹಲವು ಹಾರಿದ್ದು ಹರ್ಮಿಸ್ ಎಂಬ ಹಡಗಿನಿಂದ. ಮುಂದೆ ನಮ್ಮ ನೌಕಾಪಡೆಯ ಐಎನ್‌ಎಸ್ ವಿರಾಟ್ ಆದದ್ದು ಅದೇ ಹಡಗು.

ಈ ಗೆಲುವಿನ ದೊಡ್ಡ ಪಾಲು ಎಐಎಂ-9ಎಲ್ ಸೈಡ್‌ವೈಂಡರ್ ಕ್ಷಿಪಣಿಯದು. ಶಾಖ ಹುಡುಕಿ ಹೋಗುವ ಹಳೆಯ ಕ್ಷಿಪಣಿಗಳಿಗೆ ಶತ್ರುವಿನ ಎಂಜಿನ್ನಿನ ಹಿಂಬದಿಯೇ ಕಾಣಬೇಕಿತ್ತು. ಇದು ಎದುರಿನಿಂದಲೂ ಗುರಿ ಹಿಡಿಯುತ್ತಿತ್ತು. ಹಾಗಿದ್ದೂ ಹೆಚ್ಚಿನ ಹೊಡೆತಗಳು ಬಿದ್ದದ್ದು ಹಿಂದಿನಿಂದಲೇ. ಅದಕ್ಕೆ ಒಂದು ಮುಖ್ಯ ಕಾರಣ ಇಂಧನ. ಅರ್ಜೆಂಟೀನಾದ ನೆಲೆಗಳಿಂದ ದ್ವೀಪಗಳು ನೂರಾರು ಕಿಲೋಮೀಟರ್ ದೂರ, ಮಿರಾಜ್‌ಗೆ ಆಕಾಶದಲ್ಲಿ ಇಂಧನ ತುಂಬಿಸಿಕೊಳ್ಳುವ ಸೌಲಭ್ಯವಿಲ್ಲ. ಆಫ್ಟರ್‌ಬರ್ನರ್, ಅಂದರೆ ಹೆಚ್ಚುವರಿ ಇಂಧನ ಸುಟ್ಟು ವೇಗ ಕೊಡುವ ವ್ಯವಸ್ಥೆ, ಹಚ್ಚಿ ಓಡಿದರೆ ಊರು ಸೇರುವಷ್ಟು ಇಂಧನ ಉಳಿಯುವುದಿಲ್ಲ. ಹಾಗಾಗಿ ಆ ವೇಗ ಕಾಗದದ ಮೇಲೆಯೇ ಉಳಿಯಿತು, ಊರಿಗೆ ತಿರುಗಿದವರನ್ನು ಹಿಂದಿನಿಂದ ಬೆನ್ನಟ್ಟಲು ಸಾಧ್ಯವಾಯಿತು. ಮೇ 1ರಂದು ಏಟು ತಿಂದ ಒಂದು ಮಿರಾಜ್ ಹಿಂದಿರುಗಲಾರದೆ ಆಗ ಅರ್ಜೆಂಟೀನಾದ ವಶದಲ್ಲಿದ್ದ ದ್ವೀಪಗಳ ರಾಜಧಾನಿ ಪೋರ್ಟ್ ಸ್ಟ್ಯಾನ್ಲಿಯಲ್ಲಿ ಇಳಿಯಲು ಬಂದಾಗ ತಮ್ಮವರದೇ ಗುಂಡಿಗೆ ಸಿಕ್ಕಿತು. ಪೈಲಟ್ ಉಳಿಯಲಿಲ್ಲ. ಅರ್ಜೆಂಟೀನಾದ ಪೈಲಟ್‌ಗಳ ಧೈರ್ಯದಲ್ಲಿ ಕೊರತೆಯಿತ್ತೆಂದು ಯಾರೂ ಹೇಳಲಾರರು.

ಹಾಗಾದರೆ ಒಳ್ಳೆಯ ಕ್ಷಿಪಣಿ ಇದ್ದರೆ ವಿಮಾನ ಹೇಗಿದ್ದರೂ ನಡೆದೀತೇ? ಖಂಡಿತ ಇಲ್ಲ. ಸಾಮಾನ್ಯ ಕ್ಷಿಪಣಿಯ ರಾಕೆಟ್ ಉರಿಯುವುದು ಕೆಲವೇ ಸೆಕೆಂಡು. ಆಮೇಲೆ ಅದು ಗಳಿಸಿಕೊಂಡ ವೇಗದಲ್ಲೇ ಸಾಗಬೇಕು, ಪ್ರತಿ ತಿರುವಿನಲ್ಲೂ ಅದನ್ನು ಕಳೆದುಕೊಳ್ಳುತ್ತಾ. ವಿಮಾನ ಎತ್ತರದಲ್ಲಿ, ವೇಗದಲ್ಲಿ ಹಾರುತ್ತಾ ಕ್ಷಿಪಣಿಯನ್ನು ಬಿಟ್ಟರೆ ಅದಕ್ಕೆ ಹೊರಡುವಾಗಲೇ ಅಷ್ಟು ಬಂಡವಾಳ ಸಿಗುತ್ತದೆ. ಮೇಲೆ ಗಾಳಿ ತೆಳು, ತಡೆ ಕಡಿಮೆ. ಅದೇ ಕ್ಷಿಪಣಿಯನ್ನು ಕೆಳಗೆ, ನಿಧಾನವಾಗಿ ಹಾರುತ್ತಾ ಬಿಟ್ಟರೆ ಬಹಳ ಬೇಗ ಸೊರಗುತ್ತದೆ. ಎದುರಾಳಿ ತಿರುಗಿ ಓಡತೊಡಗಿದರಂತೂ ಅದರ ವ್ಯಾಪ್ತಿ ಇನ್ನೂ ಕುಗ್ಗುತ್ತದೆ. ಇಲ್ಲಿ ಎಂಜಿನ್ನಿನ ಕಸುವಿಗೆ ಬೆಲೆ ಇದೆ, ಅದನ್ನು ಎಲ್ಲಿ ಖರ್ಚು ಮಾಡಬೇಕೆಂದು ಬಲ್ಲ ಪೈಲಟ್‌ಗೆ ಇನ್ನೂ ಹೆಚ್ಚು.

ನಮ್ಮ ವಾಯುಪಡೆಯ ರಫೇಲ್ ಹೊತ್ತೊಯ್ಯುವ ಮೀಟಿಯರ್ ಕ್ಷಿಪಣಿ ಈ ಕೊರತೆಯನ್ನೇ ನೀಗಲು ಹೊರಟದ್ದು. ಅದರ ರ‍್ಯಾಮ್‌ಜೆಟ್ ಎಂಜಿನ್ ಹೊರಗಿನ ಗಾಳಿಯನ್ನು ಬಳಸಿಕೊಂಡು, ಉರಿಯನ್ನು ಹೆಚ್ಚು ಕಡಿಮೆ ಮಾಡುತ್ತಾ, ಗುರಿಯ ಹತ್ತಿರಕ್ಕೆ ಬಂದಾಗಲೂ ಬೆನ್ನಟ್ಟುವ ಶಕ್ತಿ ಉಳಿಸಿಕೊಂಡಿರುತ್ತದೆ.

ನಮಸ್ಕಾರ.