ಇಸ್ಪೀಟ್ ಎಲೆ, ಬೆವರಿದ ಅಂಗೈ

ಎಲ್ಲರಿಗೂ ನಮಸ್ಕಾರ.

ಕೋಪದಲ್ಲಿದ್ದಾಗ ಯಾವ ತೀರ್ಮಾನಕ್ಕೂ ಬರಬೇಡ ಅಂತ ಮನೆಯ ಹಿರಿಯರು ಹೇಳುತ್ತಾರೆ. ಸರಿಯಾದ ಮಾತೇ. ಆದರೆ ಅದನ್ನೇ ಹಿಗ್ಗಿಸಿ, ಭಾವನೆಗಳೇ ಇಲ್ಲದಿದ್ದರೆ ಇನ್ನೂ ಚೆನ್ನಾಗಿ ನಿರ್ಧರಿಸಬಹುದು ಅಂದುಕೊಳ್ಳುತ್ತೇವಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಭಾವನೆ ಹೆಚ್ಚುಕಡಿಮೆ ಬತ್ತಿಹೋದವರು ಹೇಗೆ ಬದುಕುತ್ತಾರೆ ಅಂತ ವೈದ್ಯರು ನೋಡಿದ್ದಾರೆ.

ಅಮೆರಿಕದ ಅಯೋವಾದಲ್ಲಿ ನರವಿಜ್ಞಾನಿ ಆಂಟೋನಿಯೋ ಡಮಾಸಿಯೋ ಅವರ ಬಳಿ ಒಬ್ಬ ರೋಗಿ ಬಂದ. ಅವನನ್ನು ಎಲಿಯಟ್ ಅಂತ ಕರೆದಿದ್ದಾರೆ, ನಿಜ ಹೆಸರಲ್ಲ. ಹಣೆಯ ಹಿಂಭಾಗದಲ್ಲಿದ್ದ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದಿದ್ದರು. ಹಾಳಾಗಿದ್ದ ಮೆದುಳಿನ ಭಾಗವೂ ಅದರ ಜೊತೆ ಹೋಗಿತ್ತು. ನೆನಪು, ಮಾತು, ಲೆಕ್ಕ ಎಲ್ಲ ಸರಿ. ಬುದ್ಧಿಶಕ್ತಿಯ ಪರೀಕ್ಷೆಯಲ್ಲೂ ಒಳ್ಳೆ ಅಂಕ. ಆದರೆ ಆಫೀಸಿನಲ್ಲಿ ಕಾಗದ ವಿಂಗಡಿಸಲು ಕೂತರೆ, ತಾರೀಖಿನ ಪ್ರಕಾರ ಇಡಲೋ, ಬೇರೆ ರೀತಿ ಇಡಲೋ ಅಂತ ಮಧ್ಯಾಹ್ನವಿಡೀ ಯೋಚಿಸುತ್ತಿದ್ದ. ಕೆಲಸ ಹೋಯಿತು, ಉಳಿತಾಯ ಕರಗಿತು, ಮದುವೆ ಮುರಿಯಿತು. ಇದನ್ನೆಲ್ಲ ಅವನು ಪಕ್ಕದ ಮನೆಯವರ ಸುದ್ದಿಯ ಹಾಗೆ ಹೇಳುತ್ತಿದ್ದ. ಬೇಜಾರೇ ಇಲ್ಲ!

ಇಂಥವರನ್ನು ಪರೀಕ್ಷಿಸಲು ಆಂಟ್ವಾನ್ ಬೆಚಾರಾ ಮತ್ತು ಡಮಾಸಿಯೋ ತಂಡ ಒಂದು ಆಟ ಹೂಡಿತು. 1994ರಲ್ಲಿ ಅದನ್ನು ಪ್ರಕಟಿಸಿತು. ಮೇಜಿನ ಮೇಲೆ ನಾಲ್ಕು ಕಟ್ಟು ಎಲೆಗಳು. ಕೈಯಲ್ಲಿ 2000 ಡಾಲರ್ ಸುಳ್ಳು ದುಡ್ಡು. ಎರಡು ಕಟ್ಟಿನಲ್ಲಿ ಪ್ರತಿ ಎಲೆಗೂ 100 ಡಾಲರ್ ಸಿಗುತ್ತದೆ, ಆದರೆ ಹತ್ತು ಎಲೆ ಮುಗಿಯುವಷ್ಟರಲ್ಲಿ 1250 ಡಾಲರ್ ದಂಡ ಬೀಳುತ್ತದೆ. ಉಳಿದೆರಡರಲ್ಲಿ ಸಿಗುವುದು 50, ದಂಡ ಬರೀ 250. ಅಂದರೆ ಜಾಸ್ತಿ ಕೊಡುವ ಕಟ್ಟೇ ದೋಚುವ ಕಟ್ಟು. ಇದನ್ನು ಆಡುವವರಿಗೆ ಹೇಳುವುದಿಲ್ಲ. ಚರ್ಮದ ಬೆವರಿನ ಏರಿಳಿತ ಅಳೆಯಲು ಕೈಗೆ ತಂತಿ ಹಚ್ಚಿರುತ್ತಾರೆ.

ಆರೋಗ್ಯವಂತರು ಸುಮಾರು ಹತ್ತು ಎಲೆ ಎತ್ತುವಷ್ಟರಲ್ಲಿ, ಕೆಟ್ಟ ಕಟ್ಟಿಗೆ ಕೈ ಚಾಚುವ ಮೊದಲೇ ಬೆವರಲು ಶುರುಮಾಡಿದರು. ಅಲ್ಲೇನೋ ಸರಿಯಿಲ್ಲ ಅಂತ ಅನ್ನಿಸಿದ್ದು ಐವತ್ತರ ಸುಮಾರಿಗೆ. ಯಾಕೆ ಅಂತ ಬಿಡಿಸಿ ಹೇಳಲು ಎಂಬತ್ತು ಎಲೆಯಾದರೂ ಬೇಕಾಯಿತು. 1997ರ ವರದಿ ಇದು.

ತಲೆಗಿಂತ ಮೊದಲು ಅಂಗೈಗೆ ಗೊತ್ತು ಅಂತ ಇದು ಲೋಕಪ್ರಸಿದ್ಧವಾಯಿತು. ಅದನ್ನು ಪೂರ್ತಿ ನಂಬಬೇಡಿ. 2004ರಲ್ಲಿ ಬೇರೆ ಸಂಶೋಧಕರು ಇನ್ನಷ್ಟು ಕೆದಕಿ ಪ್ರಶ್ನೆ ಕೇಳಿದಾಗ, ಆಡುವವರಿಗೆ ಮೊದಲೇ ಸಾಕಷ್ಟು ತಿಳಿದಿರುತ್ತದೆ ಅಂತ ಗೊತ್ತಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ರೋಗಿಗಳ ಆಟ. ದಂಡ ಬಿದ್ದ ಮೇಲೆ ಅವರ ಕೈಯೂ ಬೆವರುತ್ತಿತ್ತು, ಬೀಳುವ ಮೊದಲು ಇಲ್ಲ. ಕೆಲವರಂತೂ ಯಾವ ಕಟ್ಟು ಕೆಟ್ಟದ್ದು ಅಂತ ಸರಿಯಾಗಿ ಹೇಳಿದರು. ಹೇಳಿಯೂ ಅದಕ್ಕೇ ಕೈ ಹಾಕಿದರು. ತಿಳಿವಳಿಕೆ ಇತ್ತು, ಅಳುಕು ಇರಲಿಲ್ಲ. ಬರೀ ತಿಳಿವಳಿಕೆ ಕೈಯನ್ನು ತಡೆಯಲಿಲ್ಲ.

ಹಾಗಂತ ಮೈ ಹೇಳಿದ್ದೆಲ್ಲ ನಿಜ ಅಂತಲೂ ಅಲ್ಲ. ಕೆನಡಾದ ವ್ಯಾಂಕೂವರ್ ಹತ್ತಿರ ಕಪಿಲಾನೋ ತೂಗುಸೇತುವೆ ಇದೆ. ಸುಮಾರು 70 ಮೀಟರ್ ಆಳದ ಕಣಿವೆಯ ಮೇಲೆ ತೂಗಾಡುತ್ತದೆ. 1974ರಲ್ಲಿ ಡಟನ್ ಮತ್ತು ಆರನ್ ಎಂಬ ಮನೋವಿಜ್ಞಾನಿಗಳ ಪ್ರಯೋಗದಲ್ಲಿ, ಅದರ ಮೇಲೆ ನಡೆಯುವ ಗಂಡಸರನ್ನು ಒಬ್ಬ ಯುವತಿ ಮಾತಾಡಿಸಿ ತನ್ನ ಫೋನ್ ನಂಬರ್ ಕೊಟ್ಟಳು. ನಂಬರ್ ತೆಗೆದುಕೊಂಡ 18 ಜನರಲ್ಲಿ 9 ಜನ ಆಮೇಲೆ ಫೋನ್ ಮಾಡಿದರು. ಹತ್ತಿರದ ಗಟ್ಟಿ ಸೇತುವೆಯಲ್ಲಿ 16ರಲ್ಲಿ ಇಬ್ಬರೇ. ಎದೆ ಡವಡವ ಅಂದದ್ದು ಆಳ ನೋಡಿ. ಅವರು ಅದನ್ನು ಹುಡುಗಿಯ ಲೆಕ್ಕಕ್ಕೆ ಬರೆದುಕೊಂಡರು ಅನ್ನುವುದು ಸಂಶೋಧಕರ ವಿವರಣೆ. ಎದೆ ಬಡಿತ ಏನೋ ಇದೆ ಅಂತ ಹೇಳುತ್ತದೆ, ಏನು ಅಂತ ಹೇಳುವುದಿಲ್ಲ. ಆ ಕೆಲಸ ತಲೆಯದ್ದೇ, ಮತ್ತು ಅದು ಎಷ್ಟೋ ಸಲ ಅವಸರ ಮಾಡುತ್ತದೆ.

ನಿಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಿ.