ಅಮ್ಮನಿಗೆ ಒತ್ತು ಬರುವ ವರ್ಷ

ವೇದಿಕೆಯ ಮೇಲಿರುವ ಹಿರಿಯರೇ, ಪೋಷಕರೇ, ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬಂದಿರುವ ಅಂಗನವಾಡಿ ಕಾರ್ಯಕರ್ತೆಯರೇ,

ಈ ಮಾತುಗಳನ್ನು ಜನವರಿಯಲ್ಲೇ ಆಡಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣವಿದೆ. ಅಡಿಕೆ ಕೊಯ್ಲು ಮುಗಿಯುತ್ತ ಬಂದು, ಶಿವಮೊಗ್ಗದ ಶಾಲೆಗಳ ಗೇಟುಗಳಿಗೆ ‘ಪ್ರವೇಶ ಆರಂಭವಾಗಿದೆ’ ಎಂಬ ಬ್ಯಾನರುಗಳು ಏರುವ ಈ ದಿನಗಳಲ್ಲಿಯೇ ನಮ್ಮ ‘ಮಕ್ಕಳ ಮನೆ’ಯ, ಅಂದರೆ ನಮ್ಮ ಮಾಂಟೆಸ್ಸರಿ ಶಾಲೆಯ, ಜಗಲಿಯಲ್ಲಿ ತಂದೆ ತಾಯಿಯರು ಮುಖ ಸಣ್ಣದು ಮಾಡಿಕೊಂಡು ನಿಲ್ಲುತ್ತಾರೆ. ಅವರು ಬಿಡಿಸಿಕೊಂಡು ಹೋಗಲು ಬಂದಿರುವುದು ನಮ್ಮಲ್ಲಿ ಎರಡು ವರ್ಷದ ಕಲಿಕೆ ಮುಗಿಸಿದ ಮಗುವನ್ನು. ನಾವು ‘ಎಂ-3’ ಎಂದೂ ಊರೆಲ್ಲ ‘ಯುಕೆಜಿ’ ಎಂದೂ ಕರೆಯುವ ಮೂರನೆಯ ವರ್ಷಕ್ಕೆ ಅದು ಇನ್ನೇನು ಕಾಲಿಡಬೇಕಾಗಿರುತ್ತದೆ. ಮಗು ಬಿಟ್ಟುಹೋದರೆ ನನಗೆ ಒಂದು ವರ್ಷದ ಫೀಸು ತಪ್ಪುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಹಿಂದಿನ ಸಾಲಿನವರು ಅದನ್ನೇ ಪಿಸುಗುಟ್ಟುತ್ತ ಕೂರುತ್ತಾರೆ, ನನ್ನ ಮಾತು ಅವರ ಕಿವಿಗೆ ಬೀಳುವುದಿಲ್ಲ.

ಮಾಂಟೆಸ್ಸರಿ ಪದ್ಧತಿಯ ಚರಿತ್ರೆಯನ್ನು ಈ ಸಭೆಗೆ ವಿಸ್ತರಿಸಿ ಹೇಳಬೇಕಾಗಿಲ್ಲ. 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ, ಕೂಲಿಗೆ ಹೋಗುವವರ ಮಕ್ಕಳಿಗಾಗಿ ತೆರೆದ ಒಂದು ಕೋಣೆಯಿಂದ ಅದು ಆರಂಭವಾಯಿತು. ಮೂರು ವರ್ಷದವರೂ ಐದು ವರ್ಷದವರೂ ಒಟ್ಟಿಗೇ ಇದ್ದ ಕೋಣೆ ಅದು. ಆ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ, ಅದಕ್ಕೆ ಮತ್ತೆ ಬರುತ್ತೇನೆ. ಗುಜರಾತಿನ ಭಾವನಗರದಲ್ಲಿ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ 1920ರಲ್ಲೇ ಬಾಲಮಂದಿರ ತೆರೆದರು. ಈ ಪದ್ಧತಿಯನ್ನು ರೂಪಿಸಿದ ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಸ್ವತಃ ಮದರಾಸಿನ ಅಡ್ಯಾರಿಗೆ ಬಂದರು. ಕೆಲವು ತಿಂಗಳು ಪಾಠ ಹೇಳಿ ಮರಳಬೇಕೆಂದಿದ್ದವರು, ಯುದ್ಧದಲ್ಲಿ ಇಟಲಿ ಬ್ರಿಟಿಷರ ಶತ್ರುಪಕ್ಷವಾದ ಕಾರಣ 1946ರವರೆಗೆ ಇಲ್ಲಿಯೇ ಉಳಿಯಬೇಕಾಯಿತು. ಗಿಜುಭಾಯಿಯವರ ಜೊತೆಗಾರ್ತಿ ತಾರಾಬಾಯಿ ಮೋಡಕ್ ಈ ಪದ್ಧತಿಯನ್ನು ಹಳ್ಳಿಯ ಅಂಗಳಕ್ಕೆ ಇಳಿಸಿದರು. ಆದುದರಿಂದ ಅಂಗನವಾಡಿಯ ಅಕ್ಕಂದಿರೇ, ನೀವು ಈ ಮನೆಗೆ ನೆಂಟರಲ್ಲ, ದಾಯಾದಿಗಳು.

ಇನ್ನು ವಿಷಯಕ್ಕೆ ಬರುತ್ತೇನೆ. ಮೂರನೆಯ ವರ್ಷದಲ್ಲಿ ಅಂಥದ್ದೇನಿದೆ ಎಂದು ಕೇಳುವವರಿಗೆ ನಾನು ಕನ್ನಡ ಅಕ್ಷರಗಳ ಪೆಟ್ಟಿಗೆಯನ್ನು ತೋರಿಸುತ್ತೇನೆ. ಮೊದಲ ವರ್ಷ ಮಗು ಮರಳು ಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರದ ಮೇಲೆ ಎರಡು ಬೆರಳು ಆಡಿಸುತ್ತ ಅದರ ಧ್ವನಿಯನ್ನು ಹೇಳುತ್ತದೆ. ಕಣ್ಣು, ಕಿವಿ, ಬೆರಳು ಮೂರಕ್ಕೂ ಒಂದೇ ಪಾಠ. ಎರಡನೆಯ ವರ್ಷ ಬಿಡಿ ಅಕ್ಷರಗಳನ್ನು ಚಾಪೆಯ ಮೇಲೆ ಜೋಡಿಸಿ ‘ಮರ’, ‘ಸರ’, ‘ಬಳೆ’ ಎಂದು ಪದ ಕಟ್ಟುತ್ತದೆ. ತಲೆಕಟ್ಟು ಹೋಗಿ ಗುಡಿಸು ಬಂದರೆ, ಗುಡಿಸು ಹೋಗಿ ಕೊಂಬು ಬಂದರೆ ಧ್ವನಿ ಹೇಗೆ ಹೊರಳುತ್ತದೆ ಎಂಬುದು ಅದಕ್ಕೆ ಆಟವಾಗುತ್ತದೆ. ಇಂಗ್ಲಿಷ್ ಕಲಿಯುವ ಮಗು ಒಂದು ಅಕ್ಷರಕ್ಕೆ ನಾಲ್ಕು ಉಚ್ಚಾರಗಳೊಡನೆ ಗುದ್ದಾಡುತ್ತದೆ. ನಮ್ಮ ಮಗುವಿಗೆ ಆ ಕಷ್ಟವಿಲ್ಲ, ಅದಕ್ಕೆ ಬೇರೆಯದೇ ಒಂದು ಕಷ್ಟವಿದೆ. ಮಗುವಿಗೆ ಬರೆಯಬೇಕೆನಿಸುವ ಮೊದಲ ಪದಗಳನ್ನು ನೆನೆಸಿಕೊಳ್ಳಿ: ಅಮ್ಮ, ಅಪ್ಪ, ಅಜ್ಜಿ, ಅಣ್ಣ, ಅಕ್ಕ. ಒಂದಕ್ಕಾದರೂ ಒತ್ತಿಲ್ಲದೆ ಇದೆಯೇ? ಕನ್ನಡದಲ್ಲಿ ಮನೆಮಂದಿಯೆಲ್ಲ ಒತ್ತಕ್ಷರದವರು.

ಕಳೆದ ವರ್ಷ ಐದು ತುಂಬಿದ ಒಬ್ಬ ಹುಡುಗ ‘ಅ’ ಮತ್ತು ‘ಮ’ ಇಟ್ಟು, ಓದಿ ನೋಡಿ, ‘ಅಮ’ ಎಂದು ಮುಖ ಗಂಟಿಕ್ಕಿದ. ಇನ್ನೊಂದು ‘ಮ’ ತಂದು ಪಕ್ಕಕ್ಕಿಟ್ಟ. ‘ಅಮಮ’ ಎಂದು ಓದಿ ತಾನೇ ನಕ್ಕ. ನಾನು ಎರಡು ಚಾಪೆಯಾಚೆ ಕುಳಿತಿದ್ದೆ. ಬಾಯಿ ತುದಿಗೆ ಬಂದ ಉತ್ತರವನ್ನು ನುಂಗಿಕೊಂಡೆ, ನಮ್ಮ ವೃತ್ತಿಯಲ್ಲಿ ಕಷ್ಟದ ಕೆಲಸ ಅದೊಂದೇ. ಅವನು ಹತ್ತಿರ ಬಂದು, “ಅಕ್ಕಾ, ಈ ಮ ಆ ಮದ ಕೆಳಗೆ ಕೂತ್ಕೋಬೇಕು, ಆದ್ರೆ ಜಾಗ ಸಾಕಾಗ್ತಿಲ್ಲ” ಎಂದ. ಒತ್ತುಗಳ ತಟ್ಟೆಯನ್ನು ಅವನಿಗೆ ತೋರಿಸಿದ್ದು ಆಗ. ನಾನು ಒತ್ತಕ್ಷರ ಕಲಿಸಿದೆನೆಂದು ಹೇಳಿಕೊಳ್ಳಲಾರೆ. ಅದಿಲ್ಲದೆ ಅಮ್ಮನನ್ನು ಬರೆಯಲಾಗದು ಎಂದು ಅವನೇ ಕಂಡುಕೊಂಡು ಕೇಳಿದ್ದ. ಎರಡನೆಯ ವರ್ಷದ ಕೊನೆಗೆ ಬಿಡಿಸಿಕೊಂಡು ಹೋಗಿದ್ದರೆ ಅವನು ‘ಅಮ’ದಲ್ಲೇ ನಿಂತಿರುತ್ತಿದ್ದ. ಬೇರೆ ಶಾಲೆಯಲ್ಲಿ ಯಾರೋ ಕಪ್ಪು ಹಲಗೆಯ ಮೇಲೆ ‘ಅಮ್ಮ’ ಬರೆದು ಹತ್ತು ಸಲ ನಕಲು ಮಾಡಿಸುತ್ತಿದ್ದರು. ಆಗಲೂ ಬರೆಯಲು ಬರುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಕೇಳುವ ಅವಕಾಶವೇ ಅವನಿಗೆ ಸಿಗುತ್ತಿರಲಿಲ್ಲ.

ಈಗ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ. ಮೊದಲೇ ಕೇಳಿದವರು ಕ್ಷಮಿಸಬೇಕು. ನಮ್ಮ ಶಿಕ್ಷಕಿಯರು ಇದನ್ನು ‘ಅಕ್ಕನ ಹರಿಕಥೆ’ ಎನ್ನುತ್ತಾರೆ. ಸಾವಿರ ಮಣಿಗಳ ಸರ ಎಂಬುದೊಂದು ಸಲಕರಣೆ ನಮ್ಮಲ್ಲಿದೆ. ಹತ್ತು ಮಣಿಯ ನೂರು ಕಡ್ಡಿಗಳನ್ನು ಕೊಂಡಿ ಹಾಕಿ ಜೋಡಿಸಿದ್ದು. ಕೋಣೆಯಲ್ಲಿ ಹಿಡಿಸುವುದಿಲ್ಲ, ಜಗಲಿಯುದ್ದಕ್ಕೂ ಹಾಸಬೇಕು. ಮಗು ಒಂದೊಂದೇ ಮಣಿ ಎಣಿಸುತ್ತ ಹತ್ತಕ್ಕೊಂದು ಚೀಟಿ ಇಡುತ್ತ ಹೋಗುತ್ತದೆ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆಯ ಹುಡುಗಿ, ಐದೂವರೆ ವರ್ಷ, ಆಷಾಢದ ಒಂದು ಬೆಳಿಗ್ಗೆ ಆ ಸರವನ್ನು ಹಾಸಿಕೊಂಡು ಕುಳಿತಳು. ಹೊರಗೆ ಮಳೆ ಹೇಗಿತ್ತೆಂದರೆ ನಾನು ಕೂಗಿದರೂ ಕೇಳಿಸುತ್ತಿರಲಿಲ್ಲ, ಕರೆಂಟಂತೂ ಹಿಂದಿನ ದಿನವೇ ಹೋಗಿತ್ತು. ಮನೆಗೆ ಹೋಗುವ ಹೊತ್ತಿಗೆ 430 ಮುಟ್ಟಿದ್ದಳು. ಸರವನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ತನ್ನ ಹೆಸರಿನ ಚೀಟಿ ಇಟ್ಟು ಹೋದಳು. ಮರುದಿನ ಅವಳು ಬರುವ ಮೊದಲೇ ಹೊಸದಾಗಿ ಸೇರಿದ್ದ ಮೂರು ವರ್ಷದ ಪೋರನೊಬ್ಬ ಆ ಸರವನ್ನು ಹಗ್ಗವೆಂದುಕೊಂಡು ಎಳೆದು, ಚೀಟಿಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು.

ಅಳುತ್ತಾಳೆ ಎಂದುಕೊಂಡೆ. ಒಂದು ಗಳಿಗೆ ಅವಳ ಕೆಳತುಟಿ ನಡುಗಿದ್ದನ್ನೂ ಕಂಡೆ. ಆಮೇಲೆ ಆ ಪೋರನ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, “ನೀನು ಚೀಟಿ ಹಿಡ್ಕೋ, ನಾನು ಕೇಳ್ದಾಗ ಕೊಡು” ಎಂದು ಒಂದರಿಂದ ಮತ್ತೆ ಶುರು ಮಾಡಿದಳು. ಎರಡು ದಿನ ಹಿಡಿಯಿತು. ಸಾವಿರದ ಚೀಟಿ ಇಟ್ಟಾಗ ಕೈ ಚಪ್ಪಾಳೆ ತಟ್ಟಿದ್ದು ಅವಳಲ್ಲ, ಅವನು. ಅವನಿಗೆ ಐದರ ಮುಂದೆ ಎಣಿಸಲು ಬರುತ್ತಿರಲಿಲ್ಲ, ಆದರೆ ಸಾವಿರವೆಂದರೆ ಎಷ್ಟು ಉದ್ದ ಎಂಬುದು ಅವನ ಮೊಣಕಾಲಿಗೆ ಗೊತ್ತಾಗಿತ್ತು. ಎರಡು ವರ್ಷ ದೊಡ್ಡವರ ಕೆಲಸವನ್ನು ಓರೆಗಣ್ಣಿನಿಂದ ನೋಡುತ್ತಲೇ ಕಲಿತ ಮಗು ಮೂರನೆಯ ವರ್ಷದಲ್ಲಿ ತಾನೇ ದೊಡ್ಡದಾಗುತ್ತದೆ. ಸ್ಯಾನ್ ಲೊರೆಂಜೊದ ಆ ಕೋಣೆಯನ್ನು ನೆನಪಿಡಿ ಎಂದದ್ದು ಇದಕ್ಕಾಗಿ. ಎಲ್ಲರೂ ಐದೂವರೆ ವರ್ಷದವರೇ ಇರುವ ಯುಕೆಜಿ ತರಗತಿಯಲ್ಲಿ ಯಾರು ಯಾರಿಗೆ ದೊಡ್ಡವರು?

ಅದರ ಮುಂದಿನ ಜನವರಿಯಲ್ಲಿ ಇದೇ ಸಂಗತಿಯನ್ನು ಇನ್ನೊಬ್ಬ ಹುಡುಗಿಯ ತಂದೆಗೆ ಹೇಳುತ್ತ, “ಐದಾರು ವರ್ಷ ನೀರು ಗೊಬ್ಬರ ಹಾಕಿ ಬೆಳೆಸಿದ ಅಡಿಕೆ ಮರವನ್ನು ಹಿಂಗಾರ ಬಿಡುವ ಹೊತ್ತಿಗೆ ಕಡಿಯುತ್ತೀರಾ?” ಎಂದು ಕೇಳಿದೆ. ಹೋಲಿಕೆ ಚೆನ್ನಾಗಿದೆಯೆಂದು ನನಗೆ ಹೆಮ್ಮೆ. ಅವರು ಸಾವಧಾನವಾಗಿ ಎಲೆ ಅಡಿಕೆಯನ್ನು ದವಡೆಯ ಆಚೆಗೆ ಸರಿಸಿ, “ಕಡಿಯೋದ್ಯಾಕೆ ಮೇಡಂ, ಚೇಣಿಗೆ ಕೊಡ್ತೀವಿ” ಎಂದರು. ಚೇಣಿಯೆಂದರೆ ಫಸಲಿನ ಗುತ್ತಿಗೆ. ನಾನು ಸೋತೆ. ಆದರೆ ಆ ರಾತ್ರಿ ಯೋಚಿಸಿದಾಗ ಅವರು ನನ್ನ ವಾದವನ್ನೇ ಇನ್ನಷ್ಟು ಚೆನ್ನಾಗಿ ಹೇಳಿದ್ದರೆಂದು ತೋರಿತು. ಮೂರನೆಯ ವರ್ಷಕ್ಕೆ ಮಗುವನ್ನು ಬೇರೆಡೆಗೆ ಸೇರಿಸುವುದೆಂದರೆ ಫಸಲು ನಿಂತ ತೋಟವನ್ನು ಚೇಣಿಗೆ ಕೊಟ್ಟಂತೆಯೇ. ಬೆಳೆಸಿದವರು ಒಬ್ಬರು, ಕೊಯ್ದು ‘ನೋಡಿ, ನಮ್ಮಲ್ಲಿ ಬಂದ ಮೂರೇ ತಿಂಗಳಿಗೆ ಓದಲು ಕಲಿತಿತು’ ಎನ್ನುವವರು ಇನ್ನೊಬ್ಬರು. ಆ ಹೆಸರು ಅವರಿಗೇ ಇರಲಿ, ನನಗೆ ಹೊಟ್ಟೆಕಿಚ್ಚಿಲ್ಲ. (ಸ್ವಲ್ಪ ಇದೆ.) ಆದರೆ ಚೇಣಿಯವನಿಗೆ ಕೊಯ್ಲಿನ ಲೆಕ್ಕ ಮುಖ್ಯ, ಮರದ ಚಿಂತೆ ತೋಟದವನಿಗೆ ಮಾತ್ರ.

ಇದನ್ನು ಅಧಿಕಾರದಿಂದ ಹೇಳುವ ಹಕ್ಕು ನನಗೆ ಬಂದದ್ದು ನನ್ನದೇ ತಪ್ಪಿನಿಂದ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಮಗನನ್ನೇ ಮೂರನೆಯ ವರ್ಷಕ್ಕೆ ಬಿಡಿಸಿ, ಮುಂದೆ ಸೀಟು ಸಿಗುವುದಿಲ್ಲವೆಂಬ ಹೆದರಿಕೆಯಿಂದ ಒಂದು ದೊಡ್ಡ ಶಾಲೆಯ ಯುಕೆಜಿಗೆ ಸೇರಿಸಿದೆ. ಬಿಡಿಮಣಿ, ಹತ್ತರ ಕಡ್ಡಿ, ನೂರರ ಚೌಕ, ಸಾವಿರದ ಘನ ಹಿಡಿದು ನಾಲ್ಕಂಕಿಯ ಸಂಖ್ಯೆಗಳನ್ನು ಕೂಡಿಸುತ್ತಿದ್ದ ಹುಡುಗ ಅಲ್ಲಿ ಒಂದರಿಂದ ನೂರರವರೆಗೆ ದಿನಕ್ಕೆ ಎರಡು ಪುಟ ಬರೆಯುತ್ತಿದ್ದ. ಒಂದು ಸಂಜೆ, “ಅಮ್ಮ, ನೂರು ಆದ್ಮೇಲೆ ಇವರ ಹತ್ರ ಇಲ್ವಾ?” ಎಂದು ಕೇಳಿದ. ಅವನೀಗ ದೊಡ್ಡವನಾಗಿದ್ದಾನೆ, ಚೆನ್ನಾಗಿಯೇ ಇದ್ದಾನೆ. ಒಂದು ವರ್ಷ ತಪ್ಪಿದ್ದಕ್ಕೆ ಯಾರ ಬದುಕೂ ಮುಳುಗುವುದಿಲ್ಲ. ಆದರೂ ಆ ಪ್ರಶ್ನೆ ನನ್ನ ಬಳಿಯೇ ಉಳಿದಿದೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ, ತೀರ್ಥಹಳ್ಳಿಯವರು ಬ್ಯಾಗು ಹೆಗಲಿಗೇರಿಸಿದ್ದಾರೆ. ಐದು ಅಂಶಗಳೆಂದು ಬರೆದುಕೊಂಡು ಬಂದಿದ್ದೆ, ಎರಡು ಆದವು. ಉಳಿದವನ್ನು ಓಡುತ್ತ ಹೇಳುತ್ತೇನೆ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕೆಂಬ ನಿಯಮವನ್ನು ರಾಜ್ಯ ಸರ್ಕಾರ 2025-26ರ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿತ್ತು. ಅಂಥ ಸಡಿಲಿಕೆಯ ನೆಪದಲ್ಲಿ ಮಗುವನ್ನು ಮುಂದಕ್ಕೆ ತಳ್ಳುವ ಅವಸರ ಬೇಡ. ಮೂರಕ್ಕೆ ಸೇರಿ ಆರಕ್ಕೆ ಹೊರಡುವ ನಮ್ಮ ಮೂರು ವರ್ಷಗಳು ಆ ಮೂಲ ನಿಯಮಕ್ಕೆ ಅಳತೆ ತೆಗೆದು ಹೊಲಿಸಿದಂತಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟರವರೆಗಿನ ವಯಸ್ಸನ್ನು ಒಂದೇ ಹಂತವೆಂದು ಎಣಿಸುತ್ತದೆ. ಶಾಲೆಯ ಫಲಕದಲ್ಲಿ ‘ಮಾಂಟೆಸ್ಸರಿ’ ಎಂದು ಬರೆಸಲು ಪೇಂಟರ್ ಸಾಕು. ಒಳಗೆ ಮೂರೂ ವಯಸ್ಸಿನವರು ಒಟ್ಟಿಗೆ ಇದ್ದಾರೆಯೇ, ಬೆಳಿಗ್ಗೆ ಮೂರು ಗಂಟೆ ಕಾಲ ಗಂಟೆ ಬಾರಿಸದೆ ಕೆಲಸಕ್ಕೆ ಬಿಡುತ್ತಾರೆಯೇ ಎಂದು ಕೇಳಿಯೇ ಸೇರಿಸಿ. ಮನೆಭಾಷೆಯ ಬಗ್ಗೆ ಹೇಳಬೇಕಾಗಿದ್ದುದನ್ನು ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಹೊರಗೆ, ಕಾಫಿ ಇಟ್ಟಿರುವ ಮೇಜಿನ ಪಕ್ಕ ಅಕ್ಷರಗಳ ಪೆಟ್ಟಿಗೆಯನ್ನೂ ಒತ್ತುಗಳ ತಟ್ಟೆಯನ್ನೂ ಇಟ್ಟಿದ್ದೇನೆ. ಹೋಗುವ ಮೊದಲು ನಿಮ್ಮ ಮನೆಯವರ ಹೆಸರು ಜೋಡಿಸಿ ನೋಡಿ. ತೆಗೆದ ಅಕ್ಷರವನ್ನು ಮಾತ್ರ ದಯವಿಟ್ಟು ತೆಗೆದ ಖಾನೆಗೇ ಹಿಂದಿರುಗಿಸಿ. ನಮ್ಮ ಮೂರು ವರ್ಷದ ಮಕ್ಕಳು ಅಷ್ಟನ್ನು ಮಾಡುತ್ತಾರೆ. ನಮಸ್ಕಾರ.